ಶಿಶುಗಳ ಪ್ರಸಾದವೂ ಸರ್ಕಾರದ ಬೊಕ್ಕಸವೂ

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳ ಅಂಗನವಾಡಿಗಳಲ್ಲಿ ನಡೆದುಬಂದ ಅನ್ನದ ಇತಿಹಾಸ)

೧. ಪೀಠಿಕೆ

ಹಸಿದು ಬಂದವರಿಗೆ ಅನ್ನವನ್ನಿಕ್ಕುವುದು ಈ ನಾಡಿನ ಮಠಗಳ ಆದ್ಯ ಕರ್ತವ್ಯಗಳಲ್ಲೊಂದೆಂಬುದು ಸದ್ಭಕ್ತರಿಗೆ ವಿದಿತವಾದ ಸಂಗತಿಯೇ ಆಗಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಕಾಯಕವನ್ನೂ ದಾಸೋಹವನ್ನೂ ಒಂದೇ ಧರ್ಮದ ಎರಡು ಕಣ್ಣುಗಳನ್ನಾಗಿ ಕಂಡರು. ದುಡಿದುದರಲ್ಲಿ ತನಗೆ ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡು ಮಿಕ್ಕುದನ್ನು ಸಮಾಜಕ್ಕೆ ಸಲ್ಲಿಸಬೇಕು. ಸಲ್ಲಿಸುವಾಗ ತಾನು ಕೊಡುವವನೆಂಬ ಅಹಂಭಾವವನ್ನು ತೊರೆದು ದಾಸನಾಗಿ ನಿಲ್ಲಬೇಕು. ಇದೇ ದಾಸೋಹದ ಮರ್ಮ. ದಾನದಲ್ಲಿ ಕೊಡುವವನು ಮೇಲೆ, ಬೇಡುವವನು ಕೆಳಗೆ. ದಾಸೋಹದಲ್ಲಿ ಈ ಮೇಲುಕೀಳುಗಳಿಗೆ ಎಡೆಯಿಲ್ಲ.

ಆದರೆ ಕಳೆದ ನೂರು ವರ್ಷಗಳಲ್ಲಿ ಅನ್ನವನ್ನಿಕ್ಕುವ ಮತ್ತೊಂದು ಕೈಯು ನಾಡಿನಲ್ಲಿ ಕಾಣಿಸಿಕೊಂಡಿತು. ಅದು ಸರ್ಕಾರದ ಕೈ. ಶಾಲೆಗೆ ಹೋಗುವ ಮಕ್ಕಳಿಗೆ ಮೊದಲು, ಅನಂತರ ಶಾಲೆಯ ಮೆಟ್ಟಿಲನ್ನು ಇನ್ನೂ ಹತ್ತದ ಆರು ವರ್ಷದೊಳಗಿನ ಎಳೆಯ ಮಕ್ಕಳಿಗೆ, ಪ್ರಜೆಗಳು ಸಲ್ಲಿಸಿದ ತೆರಿಗೆಯ ಹಣದಿಂದಲೇ ಉಚಿತವಾಗಿ ಊಟವನ್ನು ಒದಗಿಸುವ ಪದ್ಧತಿಯು ನೆಲೆಗೊಂಡಿತು. ಈ ಎಳೆಯರ ಅನ್ನವು ಹೇಗೆ ಹುಟ್ಟಿತು, ಹೇಗೆ ಕೃಪೆಯಿಂದ ಹಕ್ಕಾಗಿ ಬೆಳೆಯಿತು, ಅದಕ್ಕೆ ಹಣವು ಎಲ್ಲಿಂದ ಎಷ್ಟು ಬಂದಿತು, ನಮ್ಮ ನಾಲ್ಕು ಸೀಮೆಗಳಲ್ಲಿ ಅದು ಯಾರ ಕೈಯಿಂದ ಮಗುವಿನ ಬಾಯನ್ನು ಸೇರಿತು ಎಂಬುದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶವಾಗಿದೆ.

೨. ನಾಲ್ಕು ಸೀಮೆಗಳ ಸ್ವರೂಪ

ಚನ್ನಗಿರಿ, ಹೊನ್ನಾಳಿಗಳು ಬಹುಕಾಲ ಶಿವಮೊಗ್ಗ ಜಿಲ್ಲೆಗೂ, ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಜೆ. ಹೆಚ್. ಪಟೇಲರು ಮುಖ್ಯಮಂತ್ರಿಗಳಾಗಿದ್ದಾಗ, ೧೯೯೭ನೆಯ ಇಸವಿ ಆಗಸ್ಟ್ ೧೫ರಂದು, ದಾವಣಗೆರೆ ಜಿಲ್ಲೆಯು ರಚಿತವಾಗಿ ಈ ಮೂರು ತಾಲ್ಲೂಕುಗಳೂ ಅದರಲ್ಲಿ ಸೇರಿದವು. ಹೊನ್ನಾಳಿಯ ಹೋಬಳಿಯಾಗಿದ್ದ ನ್ಯಾಮತಿಯು ೨೦೧೭ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲೊಂದಾಯಿತು.

ಒಂದೇ ಜಿಲ್ಲೆಯಾದರೂ ಭೂಮಿಯ ಗುಣವು ಒಂದೇ ಅಲ್ಲ. ಚನ್ನಗಿರಿಯಲ್ಲಿ ವಿಸ್ತಾರವಾದ ಸೂಳೆಕೆರೆಯೂ ಅಡಿಕೆಯ ತೋಟಗಳೂ ಉಂಟು. ಹೊನ್ನಾಳಿಯ ಮಗ್ಗುಲಲ್ಲಿ ತುಂಗಭದ್ರೆಯು ಹರಿಯುತ್ತಾಳೆ; ನಾಲೆಯ ನೀರು ಬಂದ ಕಡೆ ಬತ್ತದ ಗದ್ದೆಗಳು. ನ್ಯಾಮತಿಯ ಕಡೆ ಮಲೆನಾಡಿನ ಸೆರಗು ಸೋಕಿದೆ. ಬಂಜಾರರು ಸಂತ ಸೇವಾಲಾಲರ ಜನ್ಮಸ್ಥಳವೆಂದು ಪೂಜಿಸುವ ಸೂರಗೊಂಡನಕೊಪ್ಪವು ಈ ತಾಲ್ಲೂಕಿನಲ್ಲಿದೆ. ಜಗಳೂರು ಮಾತ್ರ ಮಳೆಯನ್ನೇ ನೆಚ್ಚಿದ ಬಯಲು ಸೀಮೆ. ಅಲ್ಲಿ ಮೋಡವು ಮುನಿದರೆ ರೈತನ ಕಣಜವು ಬರಿದು.

ಎಳೆಯ ಮಕ್ಕಳ ಹಸಿವು ಬರಡು ನೆಲಕ್ಕಷ್ಟೇ ಸೇರಿದುದಲ್ಲ. ಅಡಿಕೆಯ ತೋಟಕ್ಕೆ ಕೂಲಿಗೆ ಹೋಗುವ ತಾಯಿಯೂ, ಬತ್ತದ ನಾಟಿಗೆ ಹೋಗುವ ತಾಯಿಯೂ, ಶೇಂಗಾ ಬಿಡಿಸಲು ಹೋಗುವ ತಾಯಿಯೂ ಮುಂಜಾನೆ ಮನೆಯನ್ನು ಬಿಟ್ಟರೆ ಹಿಂದಿರುಗುವುದು ಸಂಜೆಗೆ. ತಾಂಡಾಗಳಿಂದ ಕಬ್ಬಿನ ಸೀಮೆಗೂ ಕಾಫಿಯ ತೋಟಗಳಿಗೂ ತಿಂಗಳುಗಟ್ಟಲೆ ವಲಸೆ ಹೋಗುವವರುಂಟು. ಆ ಹಗಲಿನಲ್ಲಿ ಮೂರು ವರ್ಷದ ಮಗುವಿನ ಬಟ್ಟಲಿಗೆ ಯಾರು ಬಡಿಸಬೇಕು? ಇತಿಹಾಸವು ಉತ್ತರಿಸಬೇಕಾಗಿದ್ದ ಪ್ರಶ್ನೆಯು ಇಷ್ಟೇ.

೩. ಬರಗಾಲದ ಗಂಜಿಯೂ ಮಠದ ಪ್ರಸಾದವೂ

ಮೈಸೂರು ಸೀಮೆಯಲ್ಲಿ ಸರ್ಕಾರವು ಜನರಿಗೆ ಬೇಯಿಸಿದ ಅನ್ನವನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟುದು ಧಾತು, ಈಶ್ವರ ಸಂವತ್ಸರಗಳ ಮಹಾ ಕ್ಷಾಮದಲ್ಲಿ. ೧೮೭೬ರಿಂದ ೧೮೭೮ರ ವರೆಗೆ ನಡೆದ ಆ ಕ್ಷಾಮದ ಕಾಲಕ್ಕೆ ಸಂಸ್ಥಾನವು ಬ್ರಿಟಿಷ್ ಕಮೀಷನರ ಆಡಳಿತದಲ್ಲಿತ್ತು. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆಯು ೧೮೮೧ರ ಗಣತಿಯ ಹೊತ್ತಿಗೆ ನಲವತ್ತೆರಡು ಲಕ್ಷಕ್ಕಿಂತ ಕೆಳಗಿಳಿದಿತ್ತೆಂದರೆ ಆ ಸಂಕಟದ ಆಳವನ್ನು ವಾಚಕರೇ ಊಹಿಸಬಹುದು. ಗಂಜಿಯ ಕೇಂದ್ರಗಳು ತೆರೆಯಲ್ಪಟ್ಟವು. ಮಳೆ ಬಂದೊಡನೆ ಮುಚ್ಚಲ್ಪಟ್ಟವು. ಹಸಿವು ಆಗಿನ ಆಳುವವರ ಲೆಕ್ಕದಲ್ಲಿ ಆಪತ್ಕಾಲದ ವಿಷಯವಾಗಿತ್ತೇ ಹೊರತು ನಿತ್ಯದ ಕರ್ತವ್ಯವಾಗಿರಲಿಲ್ಲ.

ನಿತ್ಯದ ಅನ್ನವನ್ನು ನಡೆಸಿದವು ಮಠಗಳು. ತುಮಕೂರಿನ ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳವರು (೧೯೦೭–೨೦೧೯) ಜಾತಿಮತಗಳ ಭೇದವಿಲ್ಲದೆ ಬಡ ವಿದ್ಯಾರ್ಥಿಗಳಿಗೆ ಅನ್ನ, ವಸತಿ, ವಿದ್ಯೆಗಳನ್ನು ಒದಗಿಸಿದುದು ಲೋಕಪ್ರಸಿದ್ಧವಾಗಿದೆ. ನಮ್ಮ ಸೀಮೆಗಳಿಗೆ ಸಮೀಪದ ಸಿರಿಗೆರೆಯ ತರಳಬಾಳು ಬೃಹನ್ಮಠವು ವಿದ್ಯಾರ್ಥಿನಿಲಯಗಳನ್ನೂ ಶಾಲೆಗಳನ್ನೂ ಹಳ್ಳಿಗಳ ನಡುವೆ ಕಟ್ಟಿತು. ಆ ಮಠದ ತರಳಬಾಳು ಹುಣ್ಣಿಮೆಯ ಮಹೋತ್ಸವವು ೧೯೫೦ರಲ್ಲಿ ಮೊದಲು ನಡೆದುದು ಜಗಳೂರಿನಲ್ಲಿಯೇ ಎಂಬುದು ಈ ಸೀಮೆಯ ಭಕ್ತರಿಗೆ ಅಭಿಮಾನದ ಸಂಗತಿ.

ಇಷ್ಟಾದರೂ ಒಂದು ಕೊರತೆಯು ಉಳಿದೇ ಇತ್ತು. ಪ್ರಸಾದನಿಲಯಕ್ಕೆ ಸೇರಬೇಕಾದರೆ ಬಾಲಕನು ತನ್ನ ಬಟ್ಟೆಯನ್ನು ತಾನೇ ಒಗೆದುಕೊಳ್ಳುವಷ್ಟಾದರೂ ಬೆಳೆದಿರಬೇಕು. ಎದ್ದು ಬಿದ್ದು ನಡೆಯುವ ಮಗುವು ತಾಂಡಾದಿಂದಲೋ ಕೇರಿಯಿಂದಲೋ ಮಠದ ಬಾಗಿಲಿಗೆ ಬರಲಾರದು. ಮೆದುಳಿನ ಬೆಳವಣಿಗೆಯ ಬಹುಭಾಗವು ನಡೆಯುವುದು ಆರು ವರ್ಷದೊಳಗೆಯೇ; ಆ ಕಾಲದಲ್ಲಿ ತಪ್ಪಿದ ಪೋಷಣೆಯನ್ನು ಮುಂದೆ ತುಂಬಿಕೊಡುವುದು ಬಹು ಕಷ್ಟ. ಮಗುವು ಅನ್ನದ ಬಳಿಗೆ ಬರಲಾರದಾದುದರಿಂದ ಅನ್ನವೇ ಮಗುವಿನ ಅಂಗಳಕ್ಕೆ ಹೋಗಬೇಕಾಗಿತ್ತು. ಒಂದೊಂದು ಹಳ್ಳಿಯ ಒಂದೊಂದು ಕೇರಿಗೂ ಹೀಗೆ ಹೋಗಬಲ್ಲಷ್ಟು ಉದ್ದವಾದ ಕೈಯು ಯಾವ ಮಠಕ್ಕೂ ಇರಲಿಲ್ಲ.

೪. ಹೊರಗಿನ ಮೇಲ್ಪಂಕ್ತಿಗಳು

ಇದು ನಮ್ಮ ನಾಡಿನೊಂದರ ಕಥೆಯಲ್ಲ. ಜಪಾನ್ ದೇಶದ ಸುರುಓಕ ಎಂಬ ಪಟ್ಟಣದಲ್ಲಿ ೧೮೮೯ರಲ್ಲಿ ಬೌದ್ಧ ಭಿಕ್ಷುಗಳು ತಮ್ಮ ದೇವಾಲಯದ ಆವರಣದಲ್ಲಿ ನಡೆಯುತ್ತಿದ್ದ ಶಾಲೆಯ ಬಡಮಕ್ಕಳಿಗೆ ಅನ್ನದ ಉಂಡೆಗಳನ್ನು ಹಂಚಲಾರಂಭಿಸಿದರು. ಆ ದೇಶದ ಶಾಲಾಭೋಜನದ ಮೂಲವೇ ಅದು. ಅಲ್ಲಿನ ಸರ್ಕಾರವು ಶಾಲೆಯ ಊಟಕ್ಕಾಗಿ ಪ್ರತ್ಯೇಕ ಕಾಯಿದೆಯನ್ನು ಮಾಡಿದುದು ೧೯೫೪ರಲ್ಲಿ. ಧರ್ಮಸಂಸ್ಥೆಯು ಹಚ್ಚಿದ ಒಲೆಯನ್ನು ಸರ್ಕಾರವು ವಹಿಸಿಕೊಳ್ಳಲು ಅರುವತ್ತೈದು ವರ್ಷಗಳು ಹಿಡಿದವು. ಇಂಗ್ಲೆಂಡಿನಲ್ಲಿ ೧೯೦೬ರ ಕಾಯಿದೆಯು ಸ್ಥಳೀಯ ಸಂಸ್ಥೆಗಳು ತೆರಿಗೆಯ ಹಣದಿಂದ ಹಸಿದ ಮಕ್ಕಳಿಗೆ ಊಟವನ್ನು ಕೊಡಬಹುದೆಂದು ಅನುಮತಿಯನ್ನಿತ್ತಿತು.

ನೆರೆಯ ಮದರಾಸಿನಲ್ಲಿ ೧೯೨೦ರಲ್ಲಿ ಪಿ. ತ್ಯಾಗರಾಯ ಚೆಟ್ಟಿಯವರು ಕಾರ್ಪೊರೇಷನ್ನಿನ ಅಧ್ಯಕ್ಷರಾಗಿದ್ದಾಗ ಥೌಸಂಡ್ ಲೈಟ್ಸ್ ಭಾಗದ ಶಾಲೆಯಲ್ಲಿ ಮಗುವೊಂದಕ್ಕೆ ದಿನಕ್ಕೆ ಒಂದಾಣೆಯನ್ನು ಮೀರದಂತೆ ಮಧ್ಯಾಹ್ನದ ಉಪಾಹಾರವನ್ನು ಕೊಡುವ ಏರ್ಪಾಡಾಯಿತು. ಕೆಲವೇ ವರ್ಷಗಳಲ್ಲಿ, ಶಿಕ್ಷಣನಿಧಿಯ ಹಣವನ್ನು ಊಟಕ್ಕೆ ವೆಚ್ಚ ಮಾಡಲು ನಿಯಮವಿಲ್ಲವೆಂಬ ಆಕ್ಷೇಪಣೆಯಿಂದ ಅದಕ್ಕೆ ಅಡ್ಡಿಯುಂಟಾಯಿತು. ಮಕ್ಕಳ ಹಸಿವು ಹಾಗೆಯೇ ಇದ್ದಿತು. ಇಲ್ಲದೆ ಹೋದುದು ಲೆಕ್ಕದ ಪುಸ್ತಕದಲ್ಲಿ ಒಂದು ಬಾಬು. ಮುಂದೆ ಅದೇ ಸೀಮೆಯಲ್ಲಿ ಕೆ. ಕಾಮರಾಜರು ೧೯೫೦ರ ದಶಕದಲ್ಲಿ ಶಾಲೆಯ ಊಟವನ್ನು ವಿಸ್ತರಿಸಿದರು, ೧೯೮೨ರಲ್ಲಿ ಎಂ. ಜಿ. ರಾಮಚಂದ್ರನ್ನರು ಗ್ರಾಮಗಳ ಎರಡು ವರ್ಷದ ಮಗುವಿನಿಂದ ಮೊದಲ್ಗೊಂಡು ಪೌಷ್ಟಿಕ ಭೋಜನವನ್ನು ಜಾರಿಗೆ ತಂದರು.

೫. ಉಪ್ಪಿಟ್ಟಿನಿಂದ ಅಂಗನವಾಡಿಗೆ

ಕನ್ನಡ ನಾಡಿನ ಹಿರಿಯರಿಗೆ ಸರ್ಕಾರದ ಊಟವೆಂದೊಡನೆ ನೆನಪಾಗುವುದು ಗೋದಿಯ ರವೆಯ ಉಪ್ಪಿಟ್ಟು. ೧೯೬೦ರ ದಶಕದಲ್ಲಿ ಅಮೆರಿಕದ ನೆರವಾಗಿ 'ಕೇರ್' ಎಂಬ ಸಂಸ್ಥೆಯ ಮೂಲಕ ಬಂದ ಗೋದಿಯ ನುಚ್ಚು ಮತ್ತು ಹಾಲಿನ ಪುಡಿಗಳು ಹಳ್ಳಿಯ ಶಾಲೆಗಳನ್ನು ತಲಪಿದವು. ಅಂಗಳದ ಮೂಲೆಯಲ್ಲಿ ಮೂರು ಕಲ್ಲುಗಳ ಒಲೆ, ಮಕ್ಕಳ ಕೈಯಲ್ಲಿ ಮುತ್ತುಗದ ಎಲೆ. ಅನ್ನವೇನೋ ಅನ್ನವೇ, ಆದರೆ ಪರದೇಶದ ಹಡಗು ಬಂದರೆ ಊಟ, ಬಾರದಿದ್ದರೆ ಇಲ್ಲ.

ಎಳೆಯ ಮಕ್ಕಳಿಗೆ ಬೇರೆಯಾದ ಏರ್ಪಾಡು ಬೇಕೆಂಬುದನ್ನು ಮೊದಲು ಕಂಡವರು ಶಿಕ್ಷಣತಜ್ಞರು. ಗುಜರಾತಿನ ಗಿಜುಭಾಯಿ ಬಧೇಕಾ ಅವರೊಡನೆ ದುಡಿದ ತಾರಾಬಾಯಿ ಮೋಡಕರು ೧೯೪೫ರಲ್ಲಿ ಮುಂಬಯಿ ಪ್ರಾಂತದ ಬೋರ್ಡಿ ಎಂಬ ಊರಿನಲ್ಲಿ ಗ್ರಾಮದ ಶಿಶುಶಿಕ್ಷಣವನ್ನು ಆರಂಭಿಸಿದರು. ಬಾಲವಾಡಿಗೆ ಬಾರದ ಮಕ್ಕಳ ಕೇರಿಗೆ ತಾವೇ ಹೋಗಿ, ಅವರ ಮನೆಯಂಗಳದಲ್ಲಿಯೇ ಪಾಠವನ್ನು ನಡೆಸಿದರು. ಅಂಗಳದ ಆ ಶಾಲೆಗೆ 'ಅಂಗಣವಾಡಿ' ಎಂಬ ಹೆಸರು ಬಂದಿತು. ಹೆಸರಿನಲ್ಲಿಯೇ ತತ್ತ್ವವಿದೆ: ಮಗುವನ್ನು ಕರೆಯುವುದಲ್ಲ, ಮಗುವಿನ ಬಳಿಗೆ ಹೋಗುವುದು.

೧೯೭೦-೭೧ರಲ್ಲಿ ಕೇಂದ್ರ ಸರ್ಕಾರವು ಬಾಲವಾಡಿಗಳಲ್ಲಿ ಪೌಷ್ಟಿಕ ಆಹಾರವನ್ನು ಕೊಡುವ ಕಾರ್ಯವನ್ನು ಕೈಗೊಂಡಿತು. ೧೯೭೪ರಲ್ಲಿ ರಾಷ್ಟ್ರೀಯ ಮಕ್ಕಳ ನೀತಿಯು ಪ್ರಕಟವಾಯಿತು. ೧೯೭೫ನೆಯ ಅಕ್ಟೋಬರ್ ೨ರಂದು, ಗಾಂಧೀಜಯಂತಿಯ ದಿನ, ದೇಶದ ಮೂವತ್ತಮೂರು ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಆರಂಭವಾಯಿತು. ಕರ್ನಾಟಕದ ಪಾಲಿಗೆ ಬಂದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿ ನೂರು ಅಂಗನವಾಡಿಗಳು ತೆರೆಯಲ್ಪಟ್ಟವು. ಊಟ, ಲಸಿಕೆ, ತೂಕದ ಪರೀಕ್ಷೆ, ಆಟಪಾಠಗಳು, ಗರ್ಭಿಣಿಯರ ಆರೈಕೆ ಇವೆಲ್ಲವೂ ಒಂದೇ ಸೂರಿನಡಿಯಲ್ಲಿ ಕೂಡಿಬಂದುದು ಈ ಯೋಜನೆಯ ವೈಶಿಷ್ಟ್ಯ. ಬರಬರುತ್ತ ಅದು ತಾಲ್ಲೂಕಿನಿಂದ ತಾಲ್ಲೂಕಿಗೆ ಹಬ್ಬಿ ನಮ್ಮ ಸೀಮೆಗಳನ್ನೂ ಮುಟ್ಟಿತು. ರಾಜ್ಯದಲ್ಲಿ ಅಂಗನವಾಡಿಗಳ ಸಂಖ್ಯೆಯು ಅರುವತ್ತೈದು ಸಾವಿರವನ್ನು ದಾಟಿತು.

೬. ಕೃಪೆಯಿಂದ ಹಕ್ಕಿಗೆ

ಯೋಜನೆಯು ಇದ್ದಿತಾದರೂ ಅದು ಸರ್ಕಾರದ ಇಚ್ಛೆಗೆ ಸೇರಿದುದಾಗಿತ್ತು. ಹಣವಿದ್ದಲ್ಲಿ ಕೇಂದ್ರ, ಇಲ್ಲದಲ್ಲಿ ಇಲ್ಲ. ಈ ಸ್ಥಿತಿಯನ್ನು ಮಾರ್ಪಡಿಸಿದುದು ಸರ್ವೋಚ್ಚ ನ್ಯಾಯಾಲಯ. ೨೦೦೧ರಲ್ಲಿ ಸರ್ಕಾರದ ಉಗ್ರಾಣಗಳಲ್ಲಿ ಧಾನ್ಯವು ತುಂಬಿ ತುಳುಕುತ್ತಿರುವಾಗ ಬರಪೀಡಿತ ಪ್ರಾಂತಗಳಲ್ಲಿ ಜನರು ಹಸಿದಿರುವರೆಂದು ನಾಗರಿಕ ಹಕ್ಕುಗಳ ಸಂಘವೊಂದು ನ್ಯಾಯಾಲಯಕ್ಕೆ ದೂರನ್ನು ಸಲ್ಲಿಸಿತು. ಆ ವರ್ಷದ ನವೆಂಬರ್ ೨೮ರ ಆದೇಶದಲ್ಲಿ ನ್ಯಾಯಾಧೀಶರು ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನು ಕೊಡಬೇಕೆಂದೂ, ಆರು ವರ್ಷದೊಳಗಿನ ಪ್ರತಿಯೊಂದು ಮಗುವಿಗೂ ದಿನವೊಂದಕ್ಕೆ ೩೦೦ ಕ್ಯಾಲೊರಿ ಶಕ್ತಿಯನ್ನೂ ೮ರಿಂದ ೧೦ ಗ್ರಾಂ ಸಸಾರಜನಕವನ್ನೂ ನೀಡುವ ಆಹಾರವು ಅಂಗನವಾಡಿಯಿಂದ ದೊರೆಯಬೇಕೆಂದೂ ಅಪ್ಪಣೆ ಮಾಡಿದರು. ೨೦೦೪ರ ಅಕ್ಟೋಬರಿನ ಆದೇಶವು ಅಂಗನವಾಡಿಯ ಆಹಾರ ಸರಬರಾಜಿನಿಂದ ಗುತ್ತಿಗೆದಾರರನ್ನು ದೂರವಿರಿಸಬೇಕೆಂದಿತು. ೨೦೦೬ರ ಡಿಸೆಂಬರ್ ೧೩ರ ಆದೇಶವು ದೇಶದಲ್ಲಿ ಹದಿನಾಲ್ಕು ಲಕ್ಷ ಅಂಗನವಾಡಿಗಳು ಆಗಬೇಕೆಂದೂ, ನಲವತ್ತು ಎಳೆಯ ಮಕ್ಕಳಿರುವ ಯಾವ ಕೇರಿಯವರಾದರೂ ತಮಗೊಂದು ಕೇಂದ್ರ ಬೇಕೆಂದು ಕೇಳಿದರೆ ಅದನ್ನು ಕೊಡಬೇಕೆಂದೂ ವಿಧಿಸಿತು.

ಇದೇ ಕಾಲದಲ್ಲಿ ಕರ್ನಾಟಕದ ಶಾಲೆಗಳ ಊಟಕ್ಕೆ ಒಂದು ಹೆಸರು ಬಂದಿತು. ೧೯೯೫ರಿಂದ ಮಗುವೊಂದಕ್ಕೆ ತಿಂಗಳಿಗೆ ಮೂರು ಕಿಲೋ ಅಕ್ಕಿಯನ್ನು ಮನೆಗೆ ಕೊಡುವ ಪದ್ಧತಿಯಿದ್ದಿತು. ೨೦೦೨ರ ಜೂನ್ ತಿಂಗಳಲ್ಲಿ ಬೀದರ, ರಾಯಚೂರು ಮೊದಲಾದ ಏಳು ಜಿಲ್ಲೆಗಳಲ್ಲಿಯೂ, ೨೦೦೩ರಲ್ಲಿ ನಮ್ಮ ಸೀಮೆಗಳನ್ನೊಳಗೊಂಡ ಉಳಿದ ಜಿಲ್ಲೆಗಳಲ್ಲಿಯೂ ಶಾಲೆಯಲ್ಲಿಯೇ ಬೇಯಿಸಿ ಬಡಿಸುವ ಕ್ರಮವು ಬಂದಿತು. ಅದರ ಹೆಸರು 'ಅಕ್ಷರ ದಾಸೋಹ'. ಶರಣರ ಮಾತೊಂದನ್ನು ಸರ್ಕಾರವು ತನ್ನ ಕಡತಕ್ಕೆ ಎರವಲಾಗಿ ಪಡೆಯಿತು. ಎರವಲು ಪಡೆದವನು ಆ ಮಾತಿನ ಅರ್ಥಕ್ಕೂ ಬದ್ಧನಷ್ಟೆ!

೨೦೧೩ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ನ್ಯಾಯಾಲಯದ ಆದೇಶವನ್ನು ಶಾಸನವನ್ನಾಗಿ ಮಾಡಿತು. ಆರು ತಿಂಗಳಿನಿಂದ ಆರು ವರ್ಷದ ವರೆಗಿನ ಪ್ರತಿಯೊಂದು ಮಗುವಿಗೂ ಸಮೀಪದ ಅಂಗನವಾಡಿಯ ಮೂಲಕ ವಯಸ್ಸಿಗೆ ತಕ್ಕ ಆಹಾರವು ಉಚಿತವಾಗಿ ದೊರೆಯತಕ್ಕದ್ದು. ಮೂರರಿಂದ ಆರು ವರ್ಷದವರಿಗೆ ಬೆಳಗಿನ ಉಪಾಹಾರವೂ ಬಿಸಿಯೂಟವೂ ಸೇರಿ ೫೦೦ ಕ್ಯಾಲೊರಿ, ೧೨ರಿಂದ ೧೫ ಗ್ರಾಂ ಸಸಾರಜನಕವೆಂದು ಗೊತ್ತಾಯಿತು. ಅಂದಿನಿಂದ ಈ ಅನ್ನವು ಯಾರ ಕೃಪೆಯೂ ಅಲ್ಲ, ಮಗುವಿನ ಹಕ್ಕು. ಕೊಡುವವನು ಮೇಲಲ್ಲ, ಉಣ್ಣುವವನು ಕೆಳಗಲ್ಲ ಎಂಬ ಶರಣರ ಭಾವಕ್ಕೆ ದೇಶದ ಶಾಸನವು ಬೇರೊಂದು ದಾರಿಯಿಂದ ಬಂದು ಸೇರಿತೆನ್ನಬಹುದು.

೭. ಬೊಕ್ಕಸದ ಲೆಕ್ಕ

ಹಕ್ಕು ಕಾಗದದಲ್ಲಿದ್ದರೆ ಸಾಲದು. ಅದರ ಬೆಲೆಯು ಬೊಕ್ಕಸದಿಂದ ಹೊರಡಬೇಕು. ಯೋಜನೆಯು ಆರಂಭವಾದಾಗ ಆಹಾರದ ವೆಚ್ಚವು ಪೂರ್ತಿಯಾಗಿ ರಾಜ್ಯಗಳ ಮೇಲೆಯೇ ಬಿದ್ದಿತ್ತು. ೨೦೦೫-೦೬ರಿಂದ ಕೇಂದ್ರವು ಅದರ ಅರ್ಧವನ್ನು ವಹಿಸಿಕೊಂಡಿತು. ಮಗುವೊಂದಕ್ಕೆ ದಿನಕ್ಕಿಷ್ಟೆಂದು ಗೊತ್ತುಮಾಡಿದ ಮೊತ್ತದ ಚರಿತ್ರೆಯು ಬಹಳ ಬೋಧಪ್ರದವಾಗಿದೆ. ೨೦೦೪ಕ್ಕೆ ಮುಂಚೆ ಅದು ಒಂದು ರೂಪಾಯಿಗೂ ಕಡಮೆ, ಅಂದರೆ ೯೫ ಪೈಸೆ. ೨೦೦೪ರಲ್ಲಿ ೨ ರೂಪಾಯಿ, ೨೦೦೮ರಲ್ಲಿ ೪, ೨೦೧೨ರಲ್ಲಿ ೬, ೨೦೧೭ರಲ್ಲಿ ೮ ರೂಪಾಯಿ. ತೀವ್ರವಾಗಿ ಸೊರಗಿದ ಮಗುವಿಗೆ ೧೨ ರೂಪಾಯಿ, ಗರ್ಭಿಣಿಯರಿಗೂ ಬಾಣಂತಿಯರಿಗೂ ೯ ರೂಪಾಯಿ ೫೦ ಪೈಸೆ.

ಇದನ್ನು ಹಳ್ಳಿಯ ಲೆಕ್ಕದಲ್ಲಿ ನೋಡಬಹುದು. ಜಗಳೂರಿನ ಒಂದು ಕೇರಿಯ ಅಂಗನವಾಡಿಯಲ್ಲಿ ಇಪ್ಪತ್ತೈದು ಮಕ್ಕಳಿರುವರೆಂದು ಭಾವಿಸಿದರೆ, ೨೦೧೭ರ ದರದಂತೆ ದಿನವೊಂದಕ್ಕೆ ಇನ್ನೂರು ರೂಪಾಯಿ. ವರ್ಷಕ್ಕೆ ಮುನ್ನೂರು ದಿನಗಳಂತೆ ಅರುವತ್ತು ಸಾವಿರ ರೂಪಾಯಿ. ಇದರಲ್ಲಿ ಬೇಳೆ, ಎಣ್ಣೆ, ತರಕಾರಿ, ಬೆಲ್ಲ, ಶೇಂಗಾಗಳೆಲ್ಲವೂ ಬರಬೇಕು. ಬೇಳೆಯ ಬೆಲೆಯು ಸಂತೆಯಿಂದ ಸಂತೆಗೆ ಏರುತ್ತದೆ. ಸರ್ಕಾರದ ದರವಾದರೋ ವರ್ಷಗಟ್ಟಲೆ ನಿಂತಲ್ಲಿಯೇ ನಿಲ್ಲುತ್ತದೆ. ಬೆಲೆಯೇರಿ ದರವು ಏರದಿದ್ದರೆ ಆ ವ್ಯತ್ಯಾಸವು ಎಲ್ಲಿ ಸೇರುತ್ತದೆ? ಸಾರು ತೆಳ್ಳಗಾಗುತ್ತದೆ. ಯಾವ ಆದೇಶವೂ ಇಲ್ಲದೆ, ಯಾರ ಸಹಿಯೂ ಇಲ್ಲದೆ, ಮಗುವಿನ ಹಕ್ಕು ಹೀಗೆ ತಟ್ಟೆಯಲ್ಲಿಯೇ ಸವೆಯುವುದುಂಟು. ೨೦೨೫ರ ಫೆಬ್ರವರಿ ೧ರಂದು ಕೇಂದ್ರದ ಆಯವ್ಯಯವನ್ನು ಮಂಡಿಸುತ್ತ ಹಣಕಾಸಿನ ಸಚಿವರು ಈ ದರವನ್ನು ಸೂಕ್ತವಾಗಿ ಹೆಚ್ಚಿಸಲಾಗುವುದೆಂದು ಸಾರಿದರು. ೨೦೧೭ಕ್ಕೂ ಆ ಮಾತಿಗೂ ನಡುವೆ ಏಳು ವರ್ಷಗಳು ಮೀರಿ ಕಳೆದಿದ್ದವು. ೨೦೧೭ರಲ್ಲಿ ಹುಟ್ಟಿದ ಮಗುವು ಅಷ್ಟರಲ್ಲಿ ಅಂಗನವಾಡಿಯನ್ನು ಬಿಟ್ಟು ಪಾಠಶಾಲೆಗೆ ಹೋಗಿಯಾಗಿತ್ತು.

ರಾಜ್ಯವು ತನ್ನ ಪಾಲಿಗೆ ಮೇಲಾಗಿ ಕೆಲವನ್ನು ಕೂಡಿಸಿತು. ೨೦೧೩ರ ಆಗಸ್ಟ್ ೧ರಂದು 'ಕ್ಷೀರ ಭಾಗ್ಯ'ವು ಆರಂಭವಾಗಿ ಮಗುವೊಂದಕ್ಕೆ ೧೫೦ ಮಿಲಿಲೀಟರ್ ಹಾಲು ಮೊದಲು ವಾರಕ್ಕೆ ಮೂರು ದಿನ, ಅನಂತರ ಐದು ದಿನ ಸಲ್ಲಲಾರಂಭಿಸಿತು. ಚನ್ನಗಿರಿ, ಹೊನ್ನಾಳಿಗಳ ಹಾಲಿನ ಸಂಘಗಳು ಶಿವಮೊಗ್ಗದ ಒಕ್ಕೂಟಕ್ಕೆ ಹಾಲನ್ನು ಒಪ್ಪಿಸಿದಂತೆ ನಾಡಿನಾದ್ಯಂತ ಸಂಘಗಳು ಒಪ್ಪಿಸಿದ ಹಾಲೇ ಪುಡಿಯಾಗಿ ಅಂಗನವಾಡಿಗೆ ಮರಳಿತು. ೨೦೧೭ರ ಅಕ್ಟೋಬರ್ ೨ರಿಂದ 'ಮಾತೃಪೂರ್ಣ'ವೆಂಬ ಹೆಸರಿನಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿಯೇ ಊಟದ ಏರ್ಪಾಡಾಯಿತು. ಮನೆಯಿಂದ ದೂರವಿರುವ ಕೇಂದ್ರಕ್ಕೆ ತುಂಬಿದ ಬಸುರಿಯು ಬಿಸಿಲಿನಲ್ಲಿ ದಿನವೂ ನಡೆದು ಬರುವುದು ಕಷ್ಟವೆಂಬ ಅನುಭವವು ಅದರ ಬೆನ್ನಿಗೇ ಬಂದಿತು. ಅನ್ನವು ಅಂಗಳಕ್ಕೆ ಹೋಗಬೇಕೆಂಬ ಮೂಲತತ್ತ್ವವನ್ನು ಮರೆತರೆ ಒಳ್ಳೆಯ ಯೋಜನೆಯೂ ಹೀಗೆ ಎಡವುತ್ತದೆ.

ಮೊಟ್ಟೆಯ ವಿಷಯವನ್ನು ಇಲ್ಲಿ ಬಿಟ್ಟುಬಿಡುವುದು ಉಚಿತವಲ್ಲ. ೨೦೨೧ರ ಡಿಸೆಂಬರಿನಲ್ಲಿ ಉತ್ತರದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆಯನ್ನು ಕೊಡಲು ಸರ್ಕಾರವು ತೊಡಗಿದಾಗ ಕೆಲವು ಮಠಾಧೀಶರು ಆಕ್ಷೇಪಿಸಿದರು. ಮೊಟ್ಟೆ ಬೇಕೆಂದು ಮಕ್ಕಳೇ ಮಾತನಾಡಿದುದೂ ಉಂಟು. ತಿನ್ನದವರಿಗೆ ಬಾಳೆಯ ಹಣ್ಣನ್ನು ಕೊಡುವ ಏರ್ಪಾಡಿನೊಂದಿಗೆ ಅದು ಮುಂದುವರಿದು ೨೦೨೨ರಲ್ಲಿ ಇತರ ಜಿಲ್ಲೆಗಳಿಗೂ ಬಂದಿತು. ಶಾಕಾಹಾರವನ್ನು ವ್ರತವಾಗಿ ಪಾಲಿಸುವ ಭಕ್ತರ ಮನಸ್ಸನ್ನು ಅರಿಯುವುದು ಅವಶ್ಯವೇ. ಹಾಗೆಯೇ, ಒಂದು ಮನೆಯ ವ್ರತವು ಇನ್ನೊಂದು ಮನೆಯ ಸೊರಗಿದ ಮಗುವಿನ ತಟ್ಟೆಯನ್ನು ಬರಿದು ಮಾಡದಂತೆ ನೋಡಿಕೊಳ್ಳುವುದೂ ಧರ್ಮವೇ.

೮. ಒಲೆಯ ಮುಂದಿನ ಕೈ

ದೆಹಲಿಯಿಂದಲೂ ಬೆಂಗಳೂರಿನಿಂದಲೂ ಹೊರಟ ಹಣವು ಕೊನೆಗೆ ಬಂದು ನಿಲ್ಲುವುದು ಇಬ್ಬರು ಹೆಂಗಸರ ಮುಂದೆ. ಒಬ್ಬಳು ಕಾರ್ಯಕರ್ತೆ, ಇನ್ನೊಬ್ಬಳು ಸಹಾಯಕಿ. ಹಳ್ಳಿಯವರ ಬಾಯಲ್ಲಿ ಅವರು ಟೀಚರಮ್ಮ, ಆಯಮ್ಮ. ಬೆಳಿಗ್ಗೆ ಕೇರಿಯನ್ನು ಸುತ್ತಿ ಮಕ್ಕಳನ್ನು ಕರೆತರುವುದು, ಮೂಗನ್ನೊರೆಸುವುದು, ಹಾಡಿಸಿ ಆಡಿಸುವುದು, ಅಕ್ಕಿಯನ್ನಾರಿಸಿ ಬೇಯಿಸುವುದು, ತುತ್ತು ತಿನ್ನದ ಮಗುವಿಗೆ ಕಲಸಿ ತಿನ್ನಿಸುವುದು, ತೂಕವನ್ನು ನೋಡಿ ಬರೆದಿಡುವುದು, ಇವೆಲ್ಲವೂ ಅವರ ಕೆಲಸ. ಇಷ್ಟು ಮಾಡಿದವರಿಗೆ ಸರ್ಕಾರವು ಕೊಟ್ಟುದು ಸಂಬಳವಲ್ಲ, 'ಗೌರವಧನ'. ೨೦೧೮ರ ಅಕ್ಟೋಬರಿನಿಂದ ಕೇಂದ್ರವು ತನ್ನ ಲೆಕ್ಕದ ಗೌರವಧನವನ್ನು ಕಾರ್ಯಕರ್ತೆಗೆ ೩,೦೦೦ದಿಂದ ೪,೫೦೦ ರೂಪಾಯಿಗೂ, ಸಹಾಯಕಿಗೆ ೧,೫೦೦ದಿಂದ ೨,೨೫೦ ರೂಪಾಯಿಗೂ ಏರಿಸಿತು; ರಾಜ್ಯವು ಅದಕ್ಕೆ ತನ್ನದನ್ನು ಕೂಡಿಸುತ್ತಿದ್ದಿತು. ೨೦೧೭ರ ಮಾರ್ಚಿಯಲ್ಲಿ ನಾಡಿನ ಸಾವಿರಾರು ಕಾರ್ಯಕರ್ತೆಯರೂ ಸಹಾಯಕಿಯರೂ ಬೆಂಗಳೂರಿನ ರಸ್ತೆಯಲ್ಲಿ ಹಗಲಿರುಳು ಕುಳಿತುದನ್ನು ಜನರು ಮರೆತಿ‌ಲ್ಲ. ೨೦೨೨ರ ಏಪ್ರಿಲ್ ೨೫ರಂದು ಸರ್ವೋಚ್ಚ ನ್ಯಾಯಾಲಯವು ಇವರು ಉಪದಾನಕ್ಕೆ, ಅಂದರೆ ಗ್ರಾಚ್ಯುಟಿಗೆ ಅರ್ಹರೆಂದು ತೀರ್ಪನ್ನಿತ್ತಿತು.

ತರಕಾರಿಗೂ ಮೊಟ್ಟೆಗೂ ಗ್ಯಾಸಿಗೂ ಬರಬೇಕಾದ ಅನುದಾನವು ತಡವಾದಾಗ ಅಂಗಡಿಯಲ್ಲಿ ಸಾಲ ಹೇಳಿ, ಇಲ್ಲವೆ ತಮ್ಮ ಕೈಯ ಹಣವನ್ನು ಹಾಕಿ ಒಲೆಯು ಆರದಂತೆ ನೋಡಿಕೊಂಡ ಕಾರ್ಯಕರ್ತೆಯರು ನಾಡಿನಲ್ಲಿ ಅನೇಕರು. ತನ್ನ ಅಲ್ಪ ಗಳಿಕೆಯಿಂದ ಪರರ ಮಕ್ಕಳಿಗೆ ಉಣಿಸುವ ಈ ಕಾರ್ಯವು ಕಾಯಕವೂ ಹೌದು, ದಾಸೋಹವೂ ಹೌದು. ಆದರೆ ಬಡವಳ ದಾಸೋಹದ ಮೇಲೆ ಸರ್ಕಾರದ ಕರ್ತವ್ಯವು ನಿಲ್ಲತಕ್ಕದ್ದಲ್ಲ.

೨೦೨೦ರ ಮಾರ್ಚಿಯಲ್ಲಿ ಮಹಾಮಾರಿಯ ನಿಮಿತ್ತ ಅಂಗನವಾಡಿಗಳು ಮುಚ್ಚಿದಾಗ ಆಹಾರದ ಸಾಮಗ್ರಿಯನ್ನು ಮನೆಮನೆಗೆ ಮುಟ್ಟಿಸಿದವರೂ ಇವರೇ. ಕರ್ನಾಟಕದಲ್ಲಿ ಮಕ್ಕಳು ಮರಳಿ ಅಂಗನವಾಡಿಗೆ ಬಂದುದು ೨೦೨೧ರ ನವೆಂಬರಿನಲ್ಲಿ. ಮನೆಗೆ ಹೋದ ಬೇಳೆ ಅಕ್ಕಿಗಳು ಇಡೀ ಕುಟುಂಬದ ಪಾತ್ರೆಯಲ್ಲಿ ಬೆಂದವು. ಕೇಂದ್ರದಲ್ಲಿ ಬೆಂದ ಅನ್ನವಾದರೆ ಮಗುವಿನದೇ ತಟ್ಟೆಗೆ ಬೀಳುತ್ತದೆ. ಬೇಯಿಸಿ ಬಡಿಸುವುದರ ಮಹತ್ವವು ಆ ದಿನಗಳಲ್ಲಿ ಎಲ್ಲರಿಗೂ ಮನವರಿಕೆಯಾಯಿತು.

೯. ಒಂದೇ ಪಂಕ್ತಿ

ಹಣಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ವಿಷಯವಿದೆ. ಒಲೆಯ ಮುಂದೆ ಯಾರು ನಿಲ್ಲಬೇಕು? ೨೦೦೪ರ ಏಪ್ರಿಲ್ ತಿಂಗಳ ಆದೇಶದಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಲೆಯ ಅಡಿಗೆಯವರ ನೇಮಕದಲ್ಲಿ ದಲಿತರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಆದ್ಯತೆಯನ್ನು ಕೊಡಬೇಕೆಂದಿತು; ಅಂಗನವಾಡಿಗಳು ಪರಿಶಿಷ್ಟರ ಕೇರಿಗಳಲ್ಲಿ ಆದಷ್ಟು ಬೇಗ ತೆರೆಯಬೇಕೆಂದು ಅದೇ ವರ್ಷ ಆಜ್ಞಾಪಿಸಿತು. ಈ ಆದೇಶಗಳ ಹಿಂದಿನ ದೃಷ್ಟಿಯು ಸ್ಪಷ್ಟ. ಒಂದೇ ಒಲೆಯಲ್ಲಿ ಬೆಂದುದನ್ನು ಒಂದೇ ಸಾಲಿನಲ್ಲಿ ಕುಳಿತು ಉಂಡ ಮಕ್ಕಳು ದೊಡ್ಡವರಾದ ಮೇಲೆ ಬೇರೆ ಬೇರೆ ಸಾಲುಗಳನ್ನು ಹುಡುಕಲಾರರು.

ಹೀಗಿದ್ದರೂ ಕರ್ನಾಟಕದ ಕೆಲವು ಗ್ರಾಮಗಳಲ್ಲಿ, ಅಡಿಗೆಯವಳು ಇಂಥ ಜಾತಿಯವಳೆಂಬ ಕಾರಣದಿಂದ ತಂದೆತಾಯಿಗಳು ಮಕ್ಕಳನ್ನು ಊಟಕ್ಕೆ ಕಳುಹದೆ ನಿಂತ ವಾರ್ತೆಗಳು ಈ ಇಪ್ಪತ್ತೊಂದನೆಯ ಶತಮಾನದಲ್ಲಿಯೂ ಕೇಳಿಬಂದಿವೆ. ಮೂರು ವರ್ಷದ ಮಗುವಿಗೆ ಜಾತಿಯು ತಿಳಿಯದು. ಅದಕ್ಕೆ ತಿಳಿಯುವುದು ಬಿಸಿಯನ್ನದ ಪರಿಮಳ. ತಟ್ಟೆಯನ್ನು ಬಿಟ್ಟೇಳೆಂದು ಕಲಿಸುವವರು ದೊಡ್ಡವರು. ಮಹಾಮನೆಯಲ್ಲಿ ಸಮಗಾರ, ಮಡಿವಾಳ, ಅಂಬಿಗರೆಲ್ಲರನ್ನೂ ಒಂದಾಗಿ ಕೂಡಿಸಿದ ಶರಣರ ಪರಂಪರೆಗೆ ಸೇರಿದವರೆಂದು ಹೇಳಿಕೊಳ್ಳುವವರ ಮನೆಯ ಮಗುವೊಂದು ಈ ಕಾರಣಕ್ಕಾಗಿ ಪಂಕ್ತಿಯನ್ನು ಬಿಟ್ಟೆದ್ದರೆ, ಎದ್ದುಹೋದುದು ಮಗುವಲ್ಲ, ಆ ಪರಂಪರೆಯೇ.

೧೦. ಉಪಸಂಹಾರ

ಮೇಲಿನ ವೃತ್ತಾಂತದಿಂದ ಸಿದ್ಧವಾಗುವುದೇನೆಂದರೆ: ಬರಗಾಲದ ಗಂಜಿಯು ಆಪತ್ತಿನ ಉಪಶಮನವಾಗಿತ್ತು, ಪರದೇಶದ ಉಪ್ಪಿಟ್ಟು ನೆರವಾಗಿತ್ತು, ೧೯೭೫ರ ಯೋಜನೆಯು ಸರ್ಕಾರದ ಸಂಕಲ್ಪವಾಗಿತ್ತು, ೨೦೧೩ರ ಕಾಯಿದೆಯಿಂದ ಅದು ಮಗುವಿನ ಹಕ್ಕಾಯಿತು. ಜಗಳೂರಿನ ಬಯಲಿನ ತಾಂಡಾದಲ್ಲಿಯೂ ಚನ್ನಗಿರಿಯ ತೋಟದ ಅಂಚಿನ ಕೇರಿಯಲ್ಲಿಯೂ ಒಂದೇ ಹೊತ್ತಿಗೆ ಒಲೆಯನ್ನು ಹಚ್ಚುವ ಸಾಮರ್ಥ್ಯವು ಬೊಕ್ಕಸಕ್ಕೆ ಮಾತ್ರ ಉಂಟು. ಆದುದರಿಂದ ಈ ಕೆಲಸವನ್ನು ಮಠಗಳೇ ಮಾಡಲಿ ಎಂದು ಸರ್ಕಾರವು ಹಿಂದೆ ಸರಿಯುವಂತಿಲ್ಲ. ಸರ್ಕಾರವೇ ಮಾಡುತ್ತಿದೆಯಲ್ಲಾ ಎಂದು ಭಕ್ತರು ಮುಖವನ್ನು ತಿರುಗಿಸುವಂತೆಯೂ ಇಲ್ಲ.

ಭಕ್ತರಿಂದ ಆಗಬಹುದಾದ ಸೇವೆಯು ಸಣ್ಣದೇನೂ ಅಲ್ಲ. ಅಂಗನವಾಡಿಗೆ ಸ್ವಂತ ಕಟ್ಟಡವಿಲ್ಲದ ಊರಿನಲ್ಲಿ ಒಂದು ತುಂಡು ನೆಲವನ್ನು ಬಿಟ್ಟುಕೊಡಬಹುದು. ಹಿತ್ತಿಲಿನ ನುಗ್ಗೆಯ ಸೊಪ್ಪನ್ನೂ ಬಾಳೆಯ ಗೊನೆಯನ್ನೂ ಕಳುಹಬಹುದು. ಬಾಲವಿಕಾಸ ಸಮಿತಿಯ ಸಭೆಗೆ ಹೋಗಿ ಬಂದ ಹಣವೆಷ್ಟು, ಬಾರದುದೆಷ್ಟು ಎಂದು ವಿಚಾರಿಸಬಹುದು. ದರವು ಸಂತೆಯ ಬೆಲೆಗೆ ಸರಿಯಾಗಿ ಏರಬೇಕೆಂದು ತಮ್ಮ ಪ್ರತಿನಿಧಿಗಳನ್ನು ಒತ್ತಾಯಪಡಿಸಬಹುದು. ಎಲ್ಲಕ್ಕೂ ಮಿಗಿಲಾಗಿ, ತಮ್ಮ ಮನೆಯ ಮಗುವನ್ನು ಆ ಸಾಲಿನಲ್ಲಿ, ಆ ಆಯಮ್ಮನ ಕೈಯ ಅನ್ನಕ್ಕೆ, ನೆರೆಕೇರಿಯ ಮಗುವಿನ ಮಗ್ಗುಲಲ್ಲಿ ಕುಳ್ಳಿರಿಸಬಹುದು.

ದಾಸೋಹವೆಂಬ ಮಾತನ್ನು ಸರ್ಕಾರಕ್ಕೆ ಎರವಲಾಗಿ ಕೊಟ್ಟವರು ಶರಣರ ಮಕ್ಕಳು. ಕೊಟ್ಟ ಮಾತಿನ ಅರ್ಥವು ಕೆಡದಂತೆ ಕಾಯುವ ಹೊಣೆಯೂ ಅವರಿಗೇ ಸೇರಿದುದು. ಮಠದ ಮಹಾದ್ವಾರದಲ್ಲಿ ಸಾವಿರ ಎಲೆಗಳು ಬಿದ್ದ ದಿನದಲ್ಲಿಯೂ, ಊರಾಚೆಯ ಅಂಗಳದಲ್ಲಿ ಒಂದು ಪುಟ್ಟ ತಟ್ಟೆಯು ಬರಿದಾಗಿದ್ದರೆ ಅಂದಿನ ದಾಸೋಹವು ಪೂರ್ಣವಾಯಿತೆನ್ನಲಾಗದು.

ಶುಭಂ ಭೂಯಾತ್.